ಟ್ರ್ಯಾಕ್ಟರ್‌ಗೂ ಸೋಮವಾರ ಹಿಡಿಸಿದ ಸಿದಗೌಡ ಮಾಮಾ

ಸೋಮವಾರ ಮುಂಜಾನೆ ನಮ್ಮ ಸತ್ತಿ ಊರಾಗ ಒಂದು ಟ್ರ್ಯಾಕ್ಟರ್ ಜಳಕ ಮಾಡ್ತಿತ್ತು. ಚ್ಯಾಷ್ಟಿ ಅಲ್ರಿ, ಖರೇನ ಹೇಳಾಕತ್ತೇನಿ. ಸಿದಗೌಡ ಮಾಮಾ ಎರಡು ಬಕೀಟ ನೀರ ತಂದು, ಗಾಲ್ಯಾಗ ಸಿಕ್ಕಿದ ಮಣ್ಣ ಕಡ್ಡೀಲೆ ಕೆರದ ತಗದು, ಅರಿವೀಲೆ ಒರಸಿ, ಬಾನೆಟ್ ಮ್ಯಾಲ ಮೂರು ಬೆರಳೀಲೆ ವಿಭೂತಿ ಎಳಿತಿದ್ದ. ಕಡೀಕ ಅದರ ಬೆನ್ನ ಮ್ಯಾಲ ಎರಡು ಸಲ ತಟ್ಟಿ, "ಇವತ್ತ ನಿನ್ನ ವಾರ. ಸುಮ್ನ ನಿಂದ್ರ" ಅಂತಿದ್ದ. ಎತ್ತಿಗೆ ಹೇಳಿದಂಗ.

ಆಮ್ಯಾಲ ತಾನೂ ಜಳಕ ಮಾಡಿ, ಇಸ್ತ್ರಿ ಹೊಡದ ಬಿಳಿ ಧೋತರ ಉಟ್ಕೊಂಡು ಮನಿ ಮುಂದಿನ ಕಟ್ಟಿ ಮ್ಯಾಲ ಕುಂದರಾವ. ಹೊಲ ಮಾಡೋ ಮನಶ್ಯಾಗ ಬಿಳಿ ಧೋತರ ಯಾಕ್ರಿ ಅಂತ ನಾನ ಒಮ್ಮೆ ಕೇಳಿದ್ನಿ. "ಹೊಲಾ ಕರದ್ರೂ ಹೋಗಾಕ ಬರಬಾರದಲಾ, ಅದರ ಸಲುವಾಗಿ" ಅಂದ.

ನಮ್ಮ ಕಡೆ ಸೋಮವಾರ ಎತ್ತ ಹೂಡೂದಿಲ್ಲ, ನಿಮಗೂ ಗೊತ್ತಿದ್ದ ಮಾತ. ಬಸವಣ್ಣನ ವಾರ. ಎಷ್ಟ ಅವಸರ ಇರ್ಲಿ, ಅವತ್ತ ಎತ್ತಿನ ಹೆಗಲ ಮ್ಯಾಲ ನೊಗ ಇಡಬಾರದು. ಈಗ ಎತ್ತ ಎಲ್ಲಿ ಅದಾವ್ರಿ? ಸತ್ತ್ಯಾಗ ಬೆರಳೀಲೆ ಎಣಿಸಬೇಕು. ಎತ್ತ ಹೋದ್ವು, ಅವುಗಳ ಬೆನ್ನಿಗೆ ನಮ್ಮ ಸೋಮವಾರನೂ ಹೋತು. ಯಾರೂ ಲಕ್ಷ್ಯ ಕೊಡಲಿಲ್ಲ. ಮಾಮಾ ಒಬ್ಬನ, ಎತ್ತ ಮಾರಿ ಟ್ರ್ಯಾಕ್ಟರ್ ತಗೊಂಡ್ರೂ ಸೋಮವಾರ ಹಿಡ್ಯಾಂವ. ಊರ ಮಂದಿ ಹೊಲಾ ಬಾಡಗೀಲೆ ಹೊಡಿತಿದ್ದ, ಆದ್ರ ಸೋಮವಾರ ಗೌಡ್ರ ಬಂದು ಕರದ್ರೂ ಒಲ್ಲೆ ಅಂದ್ರ ಒಲ್ಲೆ.

ಚಾದಂಗಡ್ಯಾಗ ಇದ ಮಾತಿಗೆ ದಿನಾ ಕಾಡಸ್ತಿದ್ವಿ. ಒಮ್ಮೆ ಪಾರೀಸ ಅಣ್ಣ ಕೇಳಿದ. ಪಾರೀಸ ಅಣ್ಣ ಅಂದ್ರ ನನ್ನ ಬಾಜೂ ಹೊಲದ ಜೈನರ ಮನಶ್ಯಾ, ದ್ರಾಕ್ಷಿ ಬೆಳ್ಯಾಂವ, ಬಾಯಿ ಸ್ವಲ್ಪ ಹರಿತ.

"ಮಾಮಾ, ನಿಮ್ಮ ಟ್ರ್ಯಾಕ್ಟರ್‌ಗೆ ಕೊಂಬ ಎಲ್ಲಿ ಅದಾವರಿ? ಹುಡುಕೇ ಹುಡುಕಿದೆ, ಸಿಗಲಿಲ್ಲ."

"ಅದಕ್ಕ ಕೊಂಬ ಇಲ್ಲೋ ಪಾರೀಸಾ. ನಡಸಾವಗ ಹೆಗಲ ಐತಿ" ಅಂದ ಮಾಮಾ. ಅಂದು ಪಾರೀಸ ಅಣ್ಣನ ಕಿಸೇದಾಗಿಂದನ ಅಡಕಿ ಚೀಟಿ ತಗದು ಬಾಯಿಗೆ ಹಾಕ್ಕೊಂಡ. ಅದೊಂದು ಚಟ ಇತ್ತ ಮಾಮಾಗ, ಸ್ವಂತದ್ದ ಅಡಕಿ ಎಂದೂ ತರತಿರಲಿಲ್ಲ. ನಟ್ಟ ಬಿಚ್ಚಾಕ ಒಯ್ದ ಪಾನಾ ವಾಪಸ್ ಕೊಡತಿರಲಿಲ್ಲ. ಹತ್ತು ವರ್ಷದ ಹಿಂದ ಮಾರಿದ ಎತ್ತಿನ ಸುದ್ದಿ ಚಾಲೂ ಮಾಡಿದಂದ್ರ ಚಾ ಆರಿ ನೀರಾದ್ರೂ ಮುಗೀತಿರಲಿಲ್ಲ. ದೇವರಂಥ ಮನಶ್ಯಾ ಅಂತ ಬರದು ಕೈ ತೊಳಕೊಳ್ಳಾಂವ ನಾ ಅಲ್ಲ. ಇದ್ದಂಗ ಬರೀತೇನಿ.

ಈಗ ನನ್ನ ಸುದ್ದಿ ಸ್ವಲ್ಪ ಹೇಳಬೇಕು, ಇಲ್ಲಂದ್ರ ಮಾಮಾ ನನಗ ಏನ ಆಗಬೇಕಂತ ತಿಳಿಯೂದಿಲ್ಲ. ಖಾಸ ಮಾಮಾ ಏನಲ್ಲ, ಊರಿಗೆಲ್ಲಾ ಮಾಮಾ. ನಂದು ನಾಕು ಎಕರೆ ಕಬ್ಬು, ಒಂದೂವರಿ ಎಕರೆ ದ್ರಾಕ್ಷಿ. ಕಬ್ಬು ಒಂದ ಇದ್ದಾಗ ನಾ ಮನಶ್ಯಾ ಇದ್ನಿ. ದ್ರಾಕ್ಷಿ ಹಚ್ಚಿದ ಮ್ಯಾಲ ದವಾಖಾನಿ ಗಿರಾಕಿ ಆದ್ನಿ.

ದ್ರಾಕ್ಷಿ ಅಂದ್ರ ಹಸಗೂಸು ಇದ್ದಂಗ್ರಿ. ಮೋಡ ಆದ್ರ ಅಳತೈತಿ, ಇಬ್ಬನಿ ಬಿದ್ರ ಅಳತೈತಿ. ನನ್ನ ಫೋನ್‌ನ್ಯಾಗ ಹವಾಮಾನ ನೋಡಾಕ ಮೂರು ಆ್ಯಪ್ ಇದ್ವು. ಒಂದು ಮಳಿ ಅಂತಿತ್ತು, ಒಂದು ಬಿಸಲ ಅಂತಿತ್ತು, ಮೂರನೇದ್ದು ಎರಡೂ ಅಂತಿತ್ತು. ಅದರ ಮ್ಯಾಲ ಬಾವಿ ಮೋಟರ್‌ಗೆ ಮೊಬೈಲ್ ಸ್ಟಾರ್ಟರ್ ಕೂಡಿಸಿದ್ನಿ. ಕರೆಂಟ ಬಂದ್ರ ಫೋನ್, ಹೋದ್ರ ಫೋನ್, ನೀರ ಕಡಿಮಿ ಆದ್ರ ಫೋನ್. ಹೆಂಡ್ತಿಕಿಂತ ಬಾವಿನ ನನಗ ಜಾಸ್ತಿ ಫೋನ್ ಹಚ್ಚತಿತ್ತು. ಹೊಲಕ್ಕ ಹೋಗೂದು ತಪ್ಪತೈತಿ ಅಂತ ಅದನ್ನ ಹಾಕ್ಸಿದ್ದು, ಆದ್ರ ಏನಾತಂದ್ರ ಹೊಲಾನ ಕಿಸೇದಾಗ ಬಂದು ಕುಂತಿತು. ಉಣ್ಣೂ ಮುಂದ ಹೊಲ, ಬೀಗರ ಮನ್ಯಾಗ ಹೊಲ, ಸಂಡಾಸದಾಗೂ ಹೊಲ.

ವರ್ಷಗಟ್ಟಲೆ ಒಂದ ದಿನ ಬಿಡುವಿಲ್ಲ. ಮೊದಮೊದಲ ಅದ ಒಂದ ನಮೂನಿ ಡೌಲ ಅನಿಸ್ತಿತ್ತು. "ರಾಜೂ ಭಾರೀ ದುಡೀತಾನಪಾ" ಅಂತ ಮಂದಿ ಅಂದ್ರ ಎದಿ ಉಬ್ಬತಿತ್ತು. ಆಮ್ಯಾಲ ಬರಬರುತ್ತ ಹೊಲಕ್ಕ ಹೋಗಾಕ ಮನಸಾಗವಲ್ದು, ಮನ್ಯಾಗ ಕುಂದರಾಕ ಜೀವ ತಡೀವಲ್ದು. ಕಣ್ಣ ಮುಚ್ಚಿದ್ರ ನಿದ್ದಿ ಬರವಲ್ದು. ಪಲ್ಯಾದಾಗ ಉಪ್ಪ ಜಾಸ್ತಿ ಆಗೇತಿ ಅಂತ ಹೆಂಡ್ತಿ ಸವಿತಾನ ಮುಂದ ತಾಟ ಬೀಸಿ ಒಗದಿದ್ನಿ. ನಾ ಮನಿಯೊಳಗ ಕಾಲಿಟ್ರ ಸಾಕು, ಮಗಳು ಪುಸ್ತಕ ತಗೊಂಡು ಒಳಗಿನ ಖೋಲಿಗೆ ಹೋಗ್ತಿತ್ತು. ಅದನ್ನ ನೋಡಿನೂ ನೋಡದಂಗ ಇದ್ನಿ. ಅಥಣಿ ಡಾಕ್ಟರ್ ಬಿ.ಪಿ. ನೋಡಿ "ರೆಸ್ಟ್ ತಗೋರಿ" ಅಂದ್ರು. "ಯಾವ ಮೆಡಿಕಲ್‌ನ್ಯಾಗ ಸಿಗತೈತ್ರಿ ಅದು?" ಅಂದು ಎದ್ದು ಬಂದ್ನಿ.

ಸವಿತಾ ಒಂದಿನ ಸಮಾಧಾನದಿಂದನ ಹೇಳಿದ್ಲು, "ದ್ರಾಕ್ಷಿ ಕಡದ ಒಗೀರಿ. ಇಲ್ಲಂದ್ರ ಹೊಲಾನ ಯಾರಿಗರೆ ಪಾಲಿಗೆ ಕೊಡ್ರಿ. ನೀವ ಹೋದ್ರಿ ಅಂದ್ರ ನಾವು ಕಬ್ಬ ತಿಂದ್ಕೊಂಡು ಇರೂಣೇನು?" ನಾ ಫೋನ್‌ನ್ಯಾಗ ಹವಾಮಾನ ನೋಡ್ಕೋತ ಎದ್ದ ಹ್ವಾದ್ನಿ. ಮಾತಾಡಾಕೂ ಒಂದ ನಮೂನಿ ಶಕ್ತಿ ಬೇಕಾಗತೈತ್ರಿ.

ದೀಪಾವಳಿ ಆಗಿ ಸ್ವಲ್ಪ ದಿನ ಆಗಿತ್ತು. ರವಿವಾರ ಮಧ್ಯಾಹ್ನ. ದ್ರಾಕ್ಷಿ ಗಿಡ ಸವರಿ ಹೊಸಾ ಚಿಗುರ ಬಂದು, ಸಣ್ಣ ಸಣ್ಣ ಗೊನಿ ಕಾಣಾಕತ್ತಿದ್ವು. ಅಂಥಾ ಹೊತ್ತಿನ್ಯಾಗ ಮೋಡ ಕವೀತು. ಇಂಥಾ ಹವಾದಾಗ ರೋಗ ಬಿತ್ತಂದ್ರ ಮೂರ ದಿನದಾಗ ಗೊನಿ ಕರ್ರಗಾಗಿ ಉದರತಾವ, ವರ್ಷದ ದುಡಿಮಿ ಹೋತು. ಎಣ್ಣಿ ಹೊಡಿಯಾಕಬೇಕು ಅಂತ ಮಾಮಾಗ ಫೋನ್ ಹಚ್ಚಿದ್ನಿ. ಔಷಧಕ್ಕ ನಮ್ಮಲ್ಲಿ ಎಣ್ಣಿನ ಅಂತಾರ. ಮಾಮಾ ಟ್ರ್ಯಾಕ್ಟರ್ ಹಿಂದ ಬ್ಲೋವರ್ ಕಟ್ಕೊಂಡು ಬಂದ. ದೊಡ್ಡ ಟಾಕಿ ಇರೋ ಎಣ್ಣಿ ಹೊಡಿಯೋ ಮಶೀನ್ ಅದು.

ನಾ ಟಾಕಿಗೆ ನೀರ ತುಂಬಿ, ಶೆಡ್ಡಿನ್ಯಾಗಿಂದ ಡಬ್ಬಿ ತಂದು, ಅಳತಿ ಮಾಡಿ ಹಾಕಿದ್ನಿ. ಕಣ್ಣ ಉರಿಯಾಕತ್ತಿದ್ವು. ಎರಡ ಸಲ ಬಾವಿದು ಫೋನ್ ಬಂತು, ಡಬ್ಬಿ ಕೈಯಾಗ ಹಿಡಕೊಂಡ ಎರಡ ಸಲ ಕಟ್ ಮಾಡಿದ್ನಿ. ಮಾಮಾ ಟಾಕಿ ಮುಚ್ಚಳ ಹಾಕಾಕಂತ ಬಗ್ಗಿದಾಂವ ಹಂಗ ನಿಂತ. ಮೂಗ ಏರಿಸಿದ.

"ರಾಜ್ಯಾ, ಇದು ಕಬ್ಬಿನ ಎಣ್ಣಿ ವಾಸನಿ ಬರಾಕತ್ತೈತಲೇ."

"ಏನ್ರಿ?"

"ಡಬ್ಬಿ ತಾ ಇಲ್ಲಿ."

ಡಬ್ಬಿ ನೋಡಿದ್ನಿ. ಕಬ್ಬಿನ್ಯಾಗ ಹುಲ್ಲ ಸಾಯಾಕ ಹೊಡಿಯೋ ಎಣ್ಣಿ ಅದು. ಕಬ್ಬಿಗೆ ಏನೂ ಆಗೂದಿಲ್ಲ, ಆದ್ರ ದ್ರಾಕ್ಷಿಗೆ ಅದರ ಗಾಳಿ ಸೋಕಿದ್ರೂ ಎಲಿ ಮುರುಟಿ ಹೋಗತಾವ. ಮಾಮಾನ ಮೂಗ ಅಷ್ಟ ಚುರುಕ ಇರಲಿಲ್ಲಂದ್ರ ಅರ್ಧಾ ತಾಸಿನ್ಯಾಗ ಐದು ವರ್ಷದ ಗಿಡಾ ಎಲ್ಲಾ ನಾನ ನಿಂತು ಸುಡತಿದ್ನಿ. ಅದೂ ನನ್ನ ಕೈಯಿಂದನ.

ಮಾಮಾ ಒಂದ ಮಾತ ಬೈಲಿಲ್ಲ. ಟ್ರ್ಯಾಕ್ಟರ್ ತಿರಿವಿ, ಬಾವಿಯಿಂದ ದೂರ ಪಡಾ ಬಿದ್ದ ಕಲ್ಲ ನೆಲದಾಗ ಟಾಕಿ ಖಾಲಿ ಮಾಡ್ಕೊಂಡ ಬಂದ. ನಾ ಬದುವಿನ ಮ್ಯಾಲ ಕುಂತಿದ್ನಿ.

"ಟಾಕಿ ತೊಳಿಯೂಣ್ರಿ ಮಾಮಾ. ನಾಳೆ ಮುಂಜಾನೆ ಹೊಡದ ಬಿಡೂಣು."

"ಈ ಟಾಕಿಗೆ ವಾಸನಿ ಹಿಡದೈತಿ. ಎರಡು ಮೂರು ಸಲ ತೊಳೀದ ದ್ರಾಕ್ಷಿಗೆ ಒಯ್ಯಬಾರದು. ಮತ್ತ ನಾಳೆ ಸೋಮವಾರ."

ಆ ಸೋಮವಾರ ಅನ್ನೂದು ಕೇಳಿದ ಕೂಡ್ಲೆ ನನ್ನ ತಲಿ ಕೆಟ್ಟಿತ್ರಿ. ತಪ್ಪ ನಂದು, ಸಿಟ್ಟ ಅವನ ಮ್ಯಾಲ. "ನಿಮ್ಮ ಸೋಮವಾರದ ಸಲುವಾಗಿ ನನ್ನ ತ್ವಾಟ ಸುಡಬೇಕೇನ್ರಿ?" ಅಂತ ಒದರಿದ್ನಿ. ಹಿರೇ ಮನಶ್ಯಾ, ಹಂಗ ಅನಬಾರದಾಗಿತ್ತು.

ಮಾಮಾ ಬದುವಿನ ಮ್ಯಾಲ ನನ್ನ ಬಾಜೂ ಬಂದ ಕುಂತ. "ತ್ವಾಟ ಸುಡಾಕ ಹೊಂಟಿದ್ದು ಯಾರಲೇ? ಮೋಡ ಹೊಂಟಿತ್ತೋ, ನೀ ಹೊಂಟಿದ್ದಿಯೋ?"

ನನಗ ಅಳು ಬಂತು. ನಲವತ್ತು ದಾಟಿದ ಗಂಡಸ್ಯಾ, ಬದುವಿನ ಮ್ಯಾಲ ಕುಂತು, ಎಣ್ಣಿ ಹತ್ತಿದ ಕೈಲೆ ಕಣ್ಣ ಒರಸ್ಕೊಳ್ಳಾಕ ಹ್ವಾದ್ನಿ. ಮಾಮಾ ಗಪ್ಪನ ನನ್ನ ಮಣಿಕಟ್ಟ ಹಿಡದ. "ಮೊದಲ ಕೈ ತೊಳ್ಕೊ. ಅಳೂದು ಆಮ್ಯಾಲ ಅಳ."

ಕೈ ತೊಳ್ಕೊಂಡು ಬಂದ ಮ್ಯಾಲ ಹೇಳಿದ. "ನಿನ್ನ ಹೊಲಕ್ಕ ನಾಳೆ ಎಣ್ಣಿ ಬೇಕು, ಖರೆ. ಆದ್ರ ಅದನ್ನ ನೀನ ಹೊಡೀಬೇಕಂತ ಹೊಲಾ ಏನ ಹಟಾ ಹಿಡದೈತೇನು? ಪಾರೀಸ ತನ್ನ ಟ್ರ್ಯಾಕ್ಟರ್, ಬ್ಲೋವರ್ ತಂದು ಹೊಡೀತಾನ. ನಾ ಮಾತಾಡ್ತೇನಿ. ನೀ ನಾಳೆ ನಮ್ಮ ಮನಿಗೆ ಬರ್ತಿ."

"ಪಾರೀಸ ಅಣ್ಣ ಯಾಕ ಹೊಡದಾನ್ರಿ? ಅವಂದೂ ತ್ವಾಟ ಐತಿ."

"ಮುಯ್ಯ ಮಾಡೂಣು" ಅಂದ ಮಾಮಾ.

ಮುಯ್ಯ ಅಂದ್ರ ನಿಮಗ ಗೊತ್ತಲಾ. ಇವತ್ತ ನಾ ನಿನ್ನ ಹೊಲಕ್ಕ ಆಳ ಬರ್ತೇನಿ, ನಾಳೆ ನೀ ನನ್ನ ಹೊಲಕ್ಕ ಬಾ. ಮೊದಲ ಕಳೇಕ, ಸುಗ್ಗಿಗೆ ಹಂಗ ಹೋಗ್ತಿದ್ರು. ಮಾಮಾ ಅದನ್ನ ರಜಾಕ್ಕ ಹಚ್ಚಿದ. "ಪಾರೀಸನ ಮನ್ಯಾಗ ಚತುರ್ದಶಿ ಉಪಾಸ ಇರತೈತಿ. ಅವತ್ತ ಅವ ಕುಂದರ್ತಾನ, ನೀ ಅವನ ತ್ವಾಟ ನೋಡ. ಸೋಮವಾರ ನೀ ಕುಂದ್ರ, ಅವ ನಿಂದ ನೋಡ್ತಾನ. ಹೊಲಕ್ಕ ವಾರ ಇಲ್ಲೋ ಮಗನ, ಅದರದ್ದು ದಿನಾ ಐತಿ. ವಾರ ಇರೂದು ಹೊಲ ಮಾಡಾವಗ. ಒಬ್ಬಂದ ವಾರ ಇದ್ದಾಗ ಇನ್ನೊಬ್ಬ ನಿಂದರಬೇಕು, ಅಷ್ಟ."

ಸೋಮವಾರ ಮುಂಜಾನೆ ಸವಿತಾನ ನನ್ನ ದಬ್ಬಿ ಕಳಿಸಿದ್ಲು. ಮಾಮಾನ ಹೆಂಡ್ತಿ ಗೌರವ್ವ ಅತ್ತಿ ಬಾಗಲದಾಗನ ಕೈ ಚಾಚಿದ್ಲು. "ಫೋನ್ ಕೊಡ ಇಲ್ಲಿ." ತಗೊಂಡು ಜ್ವಾಳದ ಡಬ್ಬ್ಯಾಗ ಹುಗದು ಮುಚ್ಚಳ ಹಾಕಿದ್ಲು. ನನಗ ಕಟ್ಟಿ ಮ್ಯಾಲ ಕುಂದರಾಕ ಬರವಲ್ದು. ಖರೇನ ಬರವಲ್ದು. ಕಾಲ ಅಳ್ಳಾಡಸ್ತೇನಿ, ಕಿಸೆ ಮುಟ್ಕೊಳ್ತೇನಿ, ಎದ್ದು ಮೋಡ ನೋಡ್ತೇನಿ, ಮತ್ತ ಕುಂದರ್ತೇನಿ. ಸ್ವಲ್ಪ ಹೊತ್ತಿನ ಮ್ಯಾಲ ಒಳಗಿಂದ ಜ್ವಾಳ ಮಾತಾಡಾಕ ಹತ್ತಿತು. "ಮೋಟರ್ ಬಂದ್ ಆಗಿದೆ, ಮೋಟರ್ ಬಂದ್ ಆಗಿದೆ." ಫೋನ್ ತಾನ ಎತ್ಕೊಂಡು ಒದರೂವಂಗ ನಾನ ಮಾಡಿಟ್ಟಿದ್ನಿ.

"ಏ ರಾಜೂ, ನಿನ್ನ ಬಾವಿ ನಿನ್ನ ಕರ್ಯಾಕತ್ತೈತಿ ನೋಡೋ" ಅಂದ್ಲು ಅತ್ತಿ. "ಊಟಕ್ಕ ಕುಂತಾನ ಅಂತ ಹೇಳ್ಲ್ಯಾ?"

ಮಾಮಾ ಬಿದ್ದ ಬಿದ್ದ ನಕ್ಕ. ನಂಗೂ ನಗು ಬಂತು. ಎಷ್ಟ ತಿಂಗಳಾಗಿತ್ತೋ ಏನೋ ನಕ್ಕು.

ಅವತ್ತ ಮಾಮಾ ತನ್ನ ಸೋಮವಾರದ ಕಥಿ ಹೇಳಿದ. ಒಂದ ಸಲ ಹೇಳಿದಾಂವ, ಮತ್ತ ಎಂದೂ ಹೇಳಲಿಲ್ಲ.

ಎತ್ತ ಮಾರಿ ಟ್ರ್ಯಾಕ್ಟರ್ ತಂದ ವರ್ಷ ಅಂತ. ಎತ್ತಿಗೆ ಸೋಮವಾರ ಬೇಕು, ಇದಕ್ಕ ಬ್ಯಾಡಲಾ ಅಂತ ಖುಷಿಯಾಗಿ ದಿನಾ ನಡಸಾವ. ಇವತ್ತ ಸತ್ತ್ಯಾಗ, ನಾಳೆ ಕಾಗವಾಡ ಕಡೆ, ನಾಡದ ರಾಯಬಾಗ ಕಡೆ. ತಿಂಗಳಗಟ್ಟಲೆ ಮನಿ ಮಂದಿ ಮುಖ ಸರಿಯಾಗಿ ನೋಡಿರಲಿಲ್ಲ. ಒಂದಿನ ಕಡು ಮಧ್ಯಾಹ್ನ ಹೊಲಾ ಹೊಡ್ಯಾಕತ್ತಾಗ ಸ್ಟೇರಿಂಗ್ ಮ್ಯಾಲನ ನಿದ್ದಿ ಹತ್ತಿತು. ಅದ ಹೊತ್ತಿಗೆ ಅತ್ತಿ ತಲಿ ಮ್ಯಾಲ ಬುತ್ತಿ ಹೊತ್ಕೊಂಡು ಎದರಿಗೆ ಬರಾಕತ್ತಿದ್ಲು. ಕೂಗಿದ್ಲು, ಕೈ ಮಾಡಿದ್ಲು. ಕಡೀಕ ಬುತ್ತಿ ಒಗದು ಕಾಲವಿಗೆ ಹಾರಿದ್ಲು. ಗಾಲಿ ಬುತ್ತಿ ಮ್ಯಾಲ ಹಾದು ಹೋತು. ಆಳ ಮನಶ್ಯಾ ಒಬ್ಬ ಓಡಿ ಬಂದು ಮ್ಯಾಲ ಹತ್ತಿ ಬಂದ್ ಮಾಡಿದ.

"ನಾ ಎದ್ದು ನೋಡ್ತೇನಿ, ಇಕಿ ಕಾಲವ್ಯಾಗ ಕೆಸರ ಮೈಲೆ ನಿಂತಾಳ" ಅಂದ ಮಾಮಾ. ಆಮ್ಯಾಲ ಅಂಗಳದಾಗ ನಿಂತ ಟ್ರ್ಯಾಕ್ಟರ್ ಕಡೆ ಕೈ ಮಾಡಿದ. "ಎತ್ತ ಇದ್ದಾಗ ನೇಗಿಲ ಹೊಡಿಯೂ ಮುಂದ ನಾ ತೂಕಡಿಸಿದ್ರ ಎತ್ತ ತಾವ ನಿಂದರ್ತಿದ್ವು, ರಾಜ್ಯಾ. ಹೊಳ್ಳಿ ನನ್ನ ಮುಖಾ ನೋಡ್ತಿದ್ವು. ಇದು ನಿಂದರಲಿಲ್ಲ. ಇದಕ್ಕ ನಿಂದರೂದು ಗೊತ್ತಿಲ್ಲ. ಅದಕ್ಕ ನಾನ ನಿಂದರಸ್ತೇನಿ, ವಾರಕ್ಕೊಮ್ಮೆ."

ಒಳಗ ಅತ್ತಿ ರೊಟ್ಟಿ ಬಡಿಯೂ ಸಪ್ಪಳ ಕೇಳ್ತಿತ್ತು. ಹನ್ನೊಂದು ಹೊಡದಿರಬೇಕು, ನಾ ಉಂಡ ಕೂಡ್ಲೆ ಅಲ್ಲೇ ಕಟ್ಟಿ ಮ್ಯಾಲ ಜಮಖಾನಿ ಹಾಸಿ ಅಡ್ಡಾದಾಂವ, ಎಚ್ಚರಾದಾಗ ಸಂಜಿ ಚಾ ಹೊತ್ತಾಗಿತ್ತು. ಗಡಬಡಿಸಿ ಎದ್ನಿ. ಮಾಮಾ ಕಟ್ಟಿ ಮ್ಯಾಲ ಕುಂತು ಯಾರದೋ ಅಡಕಿ ತಿನ್ನಾಕತ್ತಿದ್ದ. "ಎಣ್ಣಿ ಹೊಡದಾತು. ಗಾಬರಿ ಆಗಬ್ಯಾಡ, ಚಾ ಕುಡಿ" ಅಂದ. ಮನಿಗೆ ಹೋಗಿ ಬಟ್ಟಲಾ ತಗೊಂಡು ಸವಿತಾನ ಬಾಜೂ ಕುಂತು ಶೇಂಗಾ ಸುಲದ್ನಿ. ಮಗಳು ಹೊರಗಿನ ಖೋಲ್ಯಾಗ ಬರ್ಕೋತ ಕುಂತಿತ್ತು. ಎದ್ದು ಹೋಗಲಿಲ್ಲ.

ದ್ರಾಕ್ಷಿ ಉಳೀತ್ರಿ ಆ ವರ್ಷ. ನಾನೂ ಉಳದ್ನಿ. ಒಂದ ದಿನದಾಗ ಬದಲಾದ್ನಿ ಅಂತ ಸುಳ್ಳ ಹೇಳೂದಿಲ್ಲ. ಅಥಣಿ ಡಾಕ್ಟರ್ ಕಡೆ ಮತ್ತ ಹ್ವಾದ್ನಿ, ಈ ಸಲ ಹೇಳಿದ್ದ ಕೇಳಿ, ಗುಳಗಿ ತಗೊಂಡ್ನಿ. ಸೋಮವಾರ ಸೋಮವಾರ ಬಾವಿ ಫೋನ್ ಪಾರೀಸ ಅಣ್ಣಗ ಹೋಗುವಂಗ ಮಾಡಿಸಿದ್ನಿ. ಅವ ಚತುರ್ದಶಿ ಹಿಂದಿನ ದಿನ ಬಂದು "ನಾಳೆ ನನ್ನ ಕೂಸಗೋಳ ನೋಡ್ಕೊಳಪಾ" ಅಂತ ತ್ವಾಟದ ಕೀಲಿ ಕೊಟ್ಟ ಹೋಗ್ತಾನ. ಮೊದಲನೇ ಸಲ ಮುಯ್ಯ ತೀರಸಾಕ ಹ್ವಾದಾಗ ಅವ ಯಾಕೋ ನಾಚಕೊಂಡಂಗ ಮಾಡಿದ. "ಇರ್ಲಿ ಬಿಡೋ, ನೀ ನನಗ ಏನೂ ಕೊಡೂದ ಬಾಕಿ ಇಲ್ಲ" ಅಂದ. ನಾ ಬಿಡಲಿಲ್ಲ. ದೊಡ್ಡ ಮನಸ ಅಂತ ತಿಳಕೊಂಡ್ನಿ.

ಮತ್ತೊಬ್ರು ಸಿಕ್ರ "ಮಳಿ ಆತೇನು, ಕಬ್ಬ ಎಷ್ಟ ಟನ್ ಬಂತು" ಅಂತ ಕೇಳ್ತಾರ. ಆ ವರ್ಷದಿಂದ ಮಾಮಾ ನನಗ ಕೇಳ್ತಿದ್ದದ್ದು ಒಂದ. "ನಿದ್ದಿ ಹತ್ತಿತ್ತೇನೋ?" ಸಂತ್ಯಾಗ, ಮದವಿ ಪಂಕ್ತ್ಯಾಗ, ನಾಕು ಮಂದಿ ಮುಂದ ಜೋರಾಗಿ ಕೇಳಾಂವ. ಹತ್ತಿತ್ರಿ ಅಂದ್ರ "ಶಾಣ್ಯಾ" ಅಂತಿದ್ದ. ಇಲ್ಲರಿ ಅಂದ್ರ ಮುಂದ ಏನೂ ಕೇಳದ ಬಂದು ನನ್ನ ಕಟ್ಟಿ ಮ್ಯಾಲ ಕುಂದರಾವ, ನಾ ಮಾತಾಡೂ ತನಕ.

ಹೋದ ವರ್ಷ ಮಳಿಗಾಲದಾಗ, ಕೃಷ್ಣಾ ಹೊಳಿ ತುಂಬಿ ಹರ್ಯಾಕತ್ತಾಗ ಮಾಮಾ ಹ್ವಾದ. ಅದಕ್ಕ ಎಂಟ ದಿನ ಮೊದಲ ನೋಡಿ ಬಂದಿದ್ನಿ. ಕಾಲ ಬಾತಿದ್ವು, ದನಿ ಇಳದಿತ್ತು. ಆವಾಗೂ ಅದನ್ನ ಕೇಳಿದ. ಹತ್ತಿತ್ರಿ ಮಾಮಾ, ನಿಮಗ? ಅಂದ್ನಿ. "ನಂದೇನ, ಇನ್ನ ಅದ ಉದ್ಯೋಗ" ಅಂತ ನಕ್ಕ. ನಿದ್ದ್ಯಾಗನ ಹ್ವಾದ ಅಂತ ಅತ್ತಿ ಹೇಳಿದ್ಲು.

ಮೊನ್ನೆ ಅತ್ತಿಗೆ ದ್ರಾಕ್ಷಿ ಒಣಗಿಸಿದ ಮನೂಕ ಕೊಡಾಕ ಹೋಗಿದ್ನಿ. ಮಾತಿಗೆ ಮಾತ ಬಂದು, ನನ್ನ ತ್ವಾಟ ಉಳಿಸಿದಾಂವ ಪಾರೀಸ ಅಣ್ಣ, ಅವನ ಋಣ ದೊಡ್ಡದೈತಿ ಅಂದ್ನಿ. ಅತ್ತಿ ಮನೂಕ ಆರಿಸೂದು ನಿಲ್ಲಿಸಿದ್ಲು.

"ಪಾರೀಸ ಎಲ್ಲಿ ಹೊಡದಾನೋ ಅವತ್ತ? ಅವನ ಟ್ರ್ಯಾಕ್ಟರ್ ಚಾಲೂನ ಆಗಲಿಲ್ಲ. ಹನ್ನೆರಡರ ಸುಮಾರಿಗೆ ಹೇಳಾಕ ಬಂದ, ನೀ ಗೊರಕಿ ಹೊಡ್ಯಾಕತ್ತಿದ್ದಿ. ಎಬ್ಬಸ್ಲ್ಯಾ ಅಂದ್ನಿ ನಾ. ಇವರು ಬ್ಯಾಡ ಅಂದು, ನಮ್ಮ ಟ್ರ್ಯಾಕ್ಟರ್‌ಗೆ ಪಾರೀಸನ ಬ್ಲೋವರ್ ಕಟ್ಕೊಂಡು ತಾವ ಹೋಗಿ ಹೊಡದ ಬಂದ್ರು."

ಗಾಲಿ ಬುತ್ತಿ ಮ್ಯಾಲ ಹಾದ ದಿನದಿಂದ ಒಂದ ಸೋಮವಾರ ಬಿಡದಾಂವ ಆ ಒಂದ ಸೋಮವಾರ ಬಿಟ್ಟಿದ್ದ. ನಾ ಅವನ ಮನಿ ಕಟ್ಟಿ ಮ್ಯಾಲ ಮಲಗಿದ್ನಿ.

"ನನಗ ಯಾಕ ಹೇಳಲಿಲ್ಲರಿ ಅತ್ತಿ? ಇಷ್ಟ ವರ್ಷಾತು."

"ಹೇಳಿದ್ರ," ಅಂದ್ಲು ಅತ್ತಿ, "ಮುಂದಿನ ಸೋಮವಾರ ನಿನಗ ನಿದ್ದಿ ಹತ್ತತಿತ್ತೇನು?"